ಸ್ಕ್ರೋಲ್ ಲಾಕ್ ದೀಪ ಯಾರ ಗುರುತು? ಲಿನಕ್ಸ್‌ನ ದೀಪನಾಮ ಪದ್ಧತಿ ಮತ್ತು ಕನ್ನಡ ಕೀಲಿಮಣೆ

ಲಿನಕ್ಸ್‌ನಲ್ಲಿ ಯಂತ್ರದ ಸೂಚಕ ದೀಪಗಳಿಗೆ ಪ್ರತ್ಯೇಕ ವರ್ಗ ಬಂದದ್ದು 2006ರಲ್ಲಿ, ರಿಚರ್ಡ್ ಪರ್ಡಿ ಅವರಿಂದ. ದೀಪದ ಹೆಸರಿಗೆ ಮೂರು ಭಾಗ: ಸಾಧನ, ಬಣ್ಣ, ಕೆಲಸ. ನಡುವೆ ವಿಸರ್ಗದಂತಹ ಎರಡು ಚುಕ್ಕಿ. ಬಣ್ಣ ತಿಳಿಯದಿದ್ದರೆ ಆ ಜಾಗ ಖಾಲಿ. 'ಇನ್‌ಪುಟ್3::ಸ್ಕ್ರೋಲ್‌ಲಾಕ್' ಎಂಬಂತಹ ಹೆಸರು ಹಾಗೆ ಹುಟ್ಟುತ್ತದೆ. ಹೆಸರುಗಳು ಮನಬಂದಂತೆ ಬೆಳೆದಾಗ ಯಾಟ್ಸೆಕ್ ಅನಶೆವ್ಸ್ಕಿ ಬಣ್ಣ ಮತ್ತು ಕೆಲಸಗಳ ಸಿದ್ಧ ಪಟ್ಟಿ ರಚಿಸಿದರು, 2019ರ 5.4ನೇ ಆವೃತ್ತಿಯಲ್ಲಿ ಅದು ಸೇರಿತು. ಇಷ್ಟರಲ್ಲಿ ತಕರಾರಿಲ್ಲ.

ತಕರಾರು ಮೂರನೆಯ ಭಾಗದ್ದು. ಅದು ದೀಪದ ಕೆಲಸವನ್ನು ಹೇಳುತ್ತದೆ ಎಂಬುದು ಪದ್ಧತಿಯ ನಂಬಿಕೆ. ಕನ್ನಡದ ಬಳಕೆ ಇದನ್ನು ಒಪ್ಪುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವುದು ರೂಢಿ. ರೋಣ ಸೀಮೆಯ ಯಾವಗಲ್‌ನಲ್ಲಿ ಕುಳಿತು ನುಡಿಯಲ್ಲಿ ಅರ್ಜಿ ಟೈಪ್ ಮಾಡುವವರಿಗೂ ಬೆಂಗಳೂರಿನ ಗುಮಾಸ್ತರಿಗೂ ಆ ದೀಪ ಭಾಷೆಯ ಗುರುತು. ಪರದೆಯ ಸಾಲುಗಳು ಸರಿಯದಂತೆ ತಡೆಯುವ ಹಳೆಯ ಕೆಲಸ ಅವರಿಗೆ ಬೇಕಾಗಿಯೇ ಇಲ್ಲ.

ನುಡಿ ವಿಂಡೋಸ್‌ನ ತಂತ್ರಾಂಶ, ಅದರ ಮಾತು ಲಿನಕ್ಸ್‌ಗೆ ಸಲ್ಲದು ಎನ್ನಬಹುದು. ಆದರೆ ಕೀಲಿಮಣೆಯ ದೀಪಗಳನ್ನು 2015ರಲ್ಲಿ ಈ ವರ್ಗಕ್ಕೆ ಸೇರಿಸಿದಾಗ ಕೊಟ್ಟ ಕಾರಣವೇ ನನ್ನ ಪಕ್ಷಕ್ಕಿದೆ: ದೀಪಗಳನ್ನು ಬೇರೆ ಸ್ಥಿತಿಗಳ ಸೂಚನೆಗೂ ಬಳಸಿಕೊಳ್ಳಲು ಸಾಧ್ಯವಾಗಬೇಕು. ಅಲ್ಲಿ ದೀಪವನ್ನು ಉರಿಸುವ ನಿಮಿತ್ತವನ್ನು, ಅಂದರೆ ಟ್ರಿಗರ್ ಅನ್ನು, ಬದಲಿಸಬಹುದು. ಹೆಸರು ಮಾತ್ರ ಬದಲಾಗದು. ಕೆಲಸ ಬದಲಾದರೂ ಉಳಿಯುವ ಹೆಸರು ಕೆಲಸದ ಹೆಸರು ಹೇಗಾದೀತು?

ಹೆಚ್ಚು ಗಟ್ಟಿಯಾದ ಆಕ್ಷೇಪ ಜಪಾನಿನಿಂದ ಬರುತ್ತದೆ. ಯುಎಸ್‌ಬಿ ಕೀಲಿಮಣೆಯ ಮಾನಕದಲ್ಲಿ ಸ್ಕ್ರೋಲ್ ಲಾಕ್ ಮೂರನೆಯ ದೀಪ, ಜಪಾನಿ ಲಿಪಿಯ ಹೆಸರಾದ 'ಕಾನಾ' ಐದನೆಯದು. ಲಿನಕ್ಸ್ ಕೂಡ 'ಕಾನಾ' ಹೆಸರನ್ನು ಉಳಿಸಿಕೊಂಡಿದೆ. ಒಂದು ಲಿಪಿಗೆ ದೀಪವಿರುವಾಗ ಕನ್ನಡಕ್ಕೇಕೆ ಇರಬಾರದು? ಆದರೆ ಜಪಾನಿ ಕೀಲಿಮಣೆಯಲ್ಲಿ ಕಾನಾ ಎಂಬ ಕೀಲಿಯೇ ಇದೆ. ನಾವು ಬಳಸುವುದು ಸಾಮಾನ್ಯ ಇಂಗ್ಲಿಷ್ ಮಣೆ. ಹಾಗಾಗಿ ಕಾನಾ ಉದಾಹರಣೆಯೂ ನನ್ನ ವಾದವನ್ನೇ ಬಲಪಡಿಸುತ್ತದೆ: ಮೂರನೆಯ ಭಾಗ ಹೇಳುವುದು ಕೀಲಿಯ ಮೇಲೆ ಅಚ್ಚಾದ ಹೆಸರನ್ನು.

ಈ ಮಾತನ್ನು ಕೀಲಿಮಣೆಗೆ ಮಾತ್ರ ಸೀಮಿತವಾಗಿ ಹೇಳುತ್ತಿದ್ದೇನೆ. ರೌಟರ್‌ನ 'ಪವರ್', 'ವ್ಯಾನ್' ದೀಪಗಳಿಗೆ ತಯಾರಕನೇ ಕೆಲಸ ಗೊತ್ತುಮಾಡಿರುತ್ತಾನೆ. ಅಲ್ಲಿ ಅನಶೆವ್ಸ್ಕಿ ಪಟ್ಟಿ ಬಹುಮಟ್ಟಿಗೆ ಸರಿ. ಕೀಲಿಮಣೆಯಲ್ಲೂ ಹೆಚ್ಚಿನವರಿಗೆ ಹೆಸರು ಮತ್ತು ಕೆಲಸ ಕೂಡಿಯೇ ಇರಬಹುದು. ಅವು ಕೂಡಲೇಬೇಕೆಂಬ ನಿಯಮವಿಲ್ಲ ಎಂಬಷ್ಟೇ ನನ್ನ ವಾದ.

ಹಾಗಾದರೆ 'ಕನ್ನಡ' ಎಂಬ ಹೊಸ ದೀಪನಾಮ ಕೇಳುವುದು ವ್ಯರ್ಥ, ಕೇಳಬೇಕಾದದ್ದು ನಿಮಿತ್ತವನ್ನು. ಎಕ್ಸ್‌ಕೆಬಿ ಎಂಬ ಕೀಲಿವಿನ್ಯಾಸ ವ್ಯವಸ್ಥೆಯಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಈಗಾಗಲೇ ಇದೆ. ಬದಲಿ ವಿನ್ಯಾಸಕ್ಕೆ ಹೊರಳಿದಾಗ ಸ್ಕ್ರೋಲ್ ಲಾಕ್ ದೀಪ ಉರಿಸುವ ಆಯ್ಕೆಯೂ ಇದೆ. ಅಕ್ಷರ ನಮೂದಿಸುವ ಐಬಸ್ ಸಾಧನದ ಮೂಲಕ ಕನ್ನಡ ಟೈಪಿಸುವಾಗ ಕೀಲಿವಿನ್ಯಾಸ ಬದಲಾಗದೆ ಇರಬಹುದು, ಆಗ ಆ ಆಯ್ಕೆ ಕೆಲಸಕ್ಕೆ ಬಾರದು. ಅಂತಹ ಸಾಧನದ ಸ್ಥಿತಿಯನ್ನು ಸಾಮಾನ್ಯ ಬಳಕೆದಾರನ ಅಧಿಕಾರದಲ್ಲೇ ದೀಪಕ್ಕೆ ತಲುಪಿಸುವ ಬಗೆ ಇನ್ನೂ ತೀರ್ಮಾನವಾಗಬೇಕಿದೆ. ಕನ್ನಡ ತಂತ್ರಾಂಶದಲ್ಲಿ ತೊಡಗಿದವರು ಈ ಕೊಂಡಿಯನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.