ಸಾಲೋಟಗಿಯ ಕಟ್ಟಳೆ, ನೋಯ್ಡಾದ ತಿಂಗಳ ದಾನ

ವಿಜಯಪುರ ಜಿಲ್ಲೆಯ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ, ಗುರುವಿನ ಜೀವನಕ್ಕೆ, ದೀಪದ ಎಣ್ಣೆಗೂ ಇಂತಿಷ್ಟು ಭೂಮಿ ಎಂದು ಬಿಡಿಬಿಡಿಯಾಗಿ ಬರೆಸಿದ್ದಾರೆ. ಅದಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಊರವರ ಪಾಲು: ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಶಾಲೆಗೆ ಸಲ್ಲಬೇಕು. ಮಂತ್ರಿ ಕೊಟ್ಟದ್ದು ಒಮ್ಮೆ. ಊರಿನದು ತಲೆಮಾರುಗಟ್ಟಲೆ ಬರುತ್ತಲೇ ಇರಲೆಂದು ಮಾಡಿದ ಕಟ್ಟಳೆ. ತಿಂಗಳು ತಿಂಗಳು ಕೊಡಬಯಸುವವರು ಎಂಥ ಸಂಸ್ಥೆಯನ್ನು ಆರಿಸಬೇಕು ಎಂಬ ಇಂದಿನ ಪ್ರಶ್ನೆಗೆ ನಮ್ಮ ದಾನದ ಚರಿತ್ರೆಯಲ್ಲಿ ಗಟ್ಟಿಯಾದ ಉತ್ತರವಿದೆ: ಲೆಕ್ಕವನ್ನು ಸಂಸ್ಥೆಯಿಂದ ಕೇಳಬೇಕು, ನೆರವು ಪಡೆದವರಿಂದ ಏನನ್ನೂ ಕೇಳಬಾರದು. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹೆಚ್ಚಿನದೆಂದು ಶಾಸನಗಳು ಮತ್ತೆ ಮತ್ತೆ ಸಾರುತ್ತವೆ. ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು ಶಪಿಸುತ್ತವೆ. ಕಾವಲಿಲ್ಲದ ದತ್ತಿ ಕರಗಿಹೋಗುವುದನ್ನು ಕಣ್ಣಾರೆ ಕಂಡವರ ಆತಂಕ ಆ ಶಾಪದ ಹಿಂದಿದೆ.

ಇದಕ್ಕೆ ಎದುರಾಗಿ ನಿಲ್ಲುವುದು ವಾರಾನ್ನ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೈಸೂರಿನಂಥ ಊರುಗಳಿಗೆ ಓದಲು ಬಂದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಗೊತ್ತುಮಾಡಿಕೊಂಡು ಉಣ್ಣುತ್ತಿದ್ದರು. ನಡುವೆ ಯಾರೂ ಇಲ್ಲ, ಸೋರಿಕೆಯಿಲ್ಲ, ಕೊಟ್ಟದ್ದು ನೇರ ಹೊಟ್ಟೆಗೆ. ಇದಕ್ಕಿಂತ ಒಳ್ಳೆಯ ದಾನ ಯಾವುದು ಎಂದು ಕೇಳಬಹುದು. ಆ ಗೃಹಿಣಿಯರ ಋಣ ಸಣ್ಣದಲ್ಲ, ನಿಜ. ಆದರೆ ಅದರ ಬೆಲೆಯನ್ನು ಹುಡುಗ ತೆರುತ್ತಿದ್ದ. ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಎರಡನೆಯ ಸಲ ಅನ್ನ ಕೇಳಲು ಸಂಕೋಚ. ನಪಾಸಾದರೆ ಮನೆ ತಪ್ಪೀತೆಂಬ ಭಯ. ಜಾತಿ ಬೇರೆಯಾದವನಿಗಂತೂ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಮುಷ್ಟಿ ಅಕ್ಕಿಯ ಪದ್ಧತಿ ಈ ಕಷ್ಟದ ಬಹುಭಾಗವನ್ನು ಬಿಡಿಸಿತು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು, ಕೂಡಿದ್ದನ್ನು ಸಂಸ್ಥೆಯವರು ಬಂದು ಒಯ್ಯುವುದು. ತನ್ನ ಹಿಡಿ ಯಾರ ತಟ್ಟೆಗೆ ಬಿತ್ತೆಂದು ಕೊಟ್ಟವಳಿಗೆ ಗೊತ್ತಿಲ್ಲ, ಉಂಡವನಿಗೂ ಗೊತ್ತಿಲ್ಲ. ವಿದ್ಯಾರ್ಥಿನಿಲಯದ ಒಲೆ ಉರಿಯುತ್ತಿದೆಯೇ ಎಂಬುದು ಮಾತ್ರ ಊರಿಗೆಲ್ಲ ಗೊತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907–2019) ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟದ್ದರ ಹಿಂದೆ ರೈತರು ಸುಗ್ಗಿಯಲ್ಲಿ ತಂದುಕೊಟ್ಟ ಧಾನ್ಯವೂ ಇತ್ತು. ಕಣ್ಣೆದುರಿನವರಿಗೆ ಕೊಡುವ ದಾನ ತನ್ನವರಿಗೇ ಸಲ್ಲುತ್ತದೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಾಲೋಟಗಿಯ ಶಾಲೆಯೂ ಎಲ್ಲರದಾಗಿರಲಿಲ್ಲ. ತನ್ನವರೆಂಬ ಆ ಗೆರೆ ದಾಟಿ 1897ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ಎದುರಿಸಬೇಕಾಯಿತು. ಆದ್ದರಿಂದ ಯಾವ ಸಂಸ್ಥೆ ಎಂದು ಹುಡುಕುವ ಮೊದಲು, ಬೇರೆಯವರ ದಾನ ಯಾರನ್ನು ತಲುಪುತ್ತಿಲ್ಲ ಎಂದು ನೋಡಬೇಕು.

1976ರಲ್ಲಿ ಹುಟ್ಟಿದ ನೋಯ್ಡಾದಂಥ ಊರಿಗೆ ಈ ಚರಿತ್ರೆ ಹೆಚ್ಚು ಬೇಕು. ಕೆಲಸಕ್ಕಾಗಿ ಎಲ್ಲೆಲ್ಲಿಂದಲೋ ಬಂದು ಸೆಕ್ಟರುಗಳಲ್ಲಿ ನೆಲೆಸಿದವರಿಗೆ ದತ್ತಿಯನ್ನು ಕಾಯುವ ಊರ ಮಹಾಜನರಿಲ್ಲ. ಹಣ ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ವರ್ಷ ಮುಗಿದ ಮೇಲೆ ಬರುವ ದಾನದ ಪ್ರಮಾಣಪತ್ರ ತೆರಿಗೆ ವಿನಾಯಿತಿ ಕೇಳಲು ನೆರವಾಗಬಹುದು, ಆದರೆ ಹಣ ಏನು ಮಾಡಿತೆಂದು ಅದು ಹೇಳುವುದಿಲ್ಲ. ಲೆಕ್ಕ ಕೇಳುವುದು ಅಪನಂಬಿಕೆ, ಗುಪ್ತದಾನವೇ ಶ್ರೇಷ್ಠ ಎನ್ನುವವರಿದ್ದಾರೆ. ಕೊಟ್ಟವರ ಹೆಸರು ಗುಪ್ತವಾಗಿರಲಿ, ಖರ್ಚು ಗುಪ್ತವಾಗಿರಬೇಕಿಲ್ಲ. ನೋಯ್ಡಾ ಡೆಫ್ ಸೊಸೈಟಿ 2005ರಿಂದ ಕಿವುಡ ಯುವಜನರಿಗೆ ಸಂಕೇತ ಭಾಷೆ, ಉದ್ಯೋಗ ತರಬೇತಿ ಕೊಡುತ್ತಿದೆ. ಇಂಥ ಕೆಲಸಕ್ಕೆ ಹಣ ಕೊಡುವವರು ಎಷ್ಟು ಮಂದಿ ಕಲಿತರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ವರ್ಷದ ಮೇಲೂ ಎಷ್ಟು ಮಂದಿ ಆ ಕೆಲಸದಲ್ಲಿ ಉಳಿದರು ಎಂದು ಧಾರಾಳವಾಗಿ ಕೇಳಬಹುದು. ದೂರದ ರಾಯಚೂರಿನ ಶಾಲೆಗೆ ಕೊಡುವವರಿಗೂ ಇದೇ ದಾರಿ. ತಾವೇ ಹೋಗಿ ನೋಡಲಾಗದಿದ್ದರೆ ಆಡಿಟ್ ವರದಿ ತರಿಸಿಕೊಂಡು ಓದಬಹುದು. ನೆರವು ಪಡೆದ ಮಗುವಿನ ಫೋಟೊ, ಅದರ ಕೈಯಲ್ಲಿ ಬರೆಸಿದ ಕೃತಜ್ಞತಾ ಪತ್ರ ಕಳುಹಿಸುತ್ತೇವೆನ್ನುವ ಯೋಜನೆಗಳು ಮಾತ್ರ ವಾರಾನ್ನದ ಸಂಕೋಚವನ್ನು ಮತ್ತೆ ಆ ಮಗುವಿನ ಮೇಲೆ ಹೇರುತ್ತವೆ. ಅಂಥವನ್ನು ಬಿಟ್ಟು, ಖರ್ಚಿನ ವಿವರವನ್ನು ಕೇಳುವ ಮೊದಲೇ ಮುಂದಿಡುವ ಸಂಸ್ಥೆಗೆ ಆ ತಿಂಗಳ ಹಣ ಹೋಗಲಿ.