ಫ್ರೀ ಕರೆಂಟು ಯಾರ ಕೈಲಿದೆ?

ತ್ರೀ ಫೇಸ್ ರಾತ್ರಿ ಹೊತ್ತು ಕೊಟ್ರೆ ನಾವು ಬೈಯೋದು ಲೈನ್‌ಮನ್‌ನ. ಪಾಪ, ಅವನ ಕೈಲಿರೋದು ಫ್ಯೂಸು ಅಷ್ಟೇ. ನಮ್ಮ ಮೋಟ್ರಿನ ಕರೆಂಟು ತೀರ್ಮಾನ ಆಗೋದು ಕೇಂದ್ರ, ರಾಜ್ಯ, ಆಯೋಗ, ಕಂಪನಿ ಅಂತ ನಾಲ್ಕು ಕಡೆ. ಅದು ಹಿಂಗೆ ಹಂಚಿಹೋಗಿದ್ದು ಹೆಂಗೆ ಅಂತ ಬರೀತಿದೀನಿ. ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಮೊದಲು ಒಂದೇ ಕೈ ಇತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿದ್ದು ಮೈಸೂರು ಸಂಸ್ಥಾನವೇ.

ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆ ರಾಜ್ಯಕ್ಕೊಂದು ವಿದ್ಯುತ್ ಮಂಡಳಿ ಇರಲಿ ಅಂತು. ಸಂವಿಧಾನ ವಿದ್ಯುತ್ತನ್ನ ಸಮವರ್ತಿ ಪಟ್ಟಿಗೆ ಹಾಕ್ತು. ಅಂದ್ರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಎರಡಕ್ಕೂ ತಿಕ್ಕಾಟ ಬಂದ್ರೆ ಸಾಮಾನ್ಯವಾಗಿ ಕೇಂದ್ರದ್ದೇ ನಡೆಯುತ್ತೆ. ನಮ್ಮಲ್ಲಿ ಮಂಡಳಿ ಆಗಿದ್ದು 1957ರಲ್ಲಿ. ಹಿರೀಕರು ಈಗ್ಲೂ ಕೆಇಬಿ ಅನ್ನೋದು ಅದನ್ನೇ.

1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಆಯ್ತು. ದರ ಗೊತ್ತು ಮಾಡೋಕೆ ಕೆಇಆರ್‌ಸಿ ಅನ್ನೋ ಆಯೋಗ ಬಂತು. 2002ರಲ್ಲಿ ಹಂಚೋ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗೆ ಹೋಯ್ತು. ಮರುವರ್ಷವೇ ಇಡೀ ದೇಶಕ್ಕೆ ಕೇಂದ್ರದ ವಿದ್ಯುತ್ ಕಾಯ್ದೆ ಬಂತು.

ನಮ್ಮ ಜುಟ್ಟು ಇರೋದು ಆ 2003ರ ಕಾಯ್ದೆಯ 65ನೇ ಕಲಂನಲ್ಲಿ. ರಾಜ್ಯ ಸರ್ಕಾರ ಯಾರಿಗಾದ್ರೂ ಕಡಿಮೆ ದರಕ್ಕೆ ಕರೆಂಟು ಕೊಡಿಸಬೇಕು ಅಂದ್ರೆ ಆ ದುಡ್ಡನ್ನ ಕಂಪನಿಗೆ ಮುಂಗಡ ಕಟ್ಟಬೇಕು. ಕಟ್ಟದಿದ್ರೆ ಸರ್ಕಾರದ ಆದೇಶ ನಡೆಯಲ್ಲ, ಆಯೋಗದ ದರವೇ ಲಾಗೂ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಮಗೆ ಫ್ರೀ ಅಂತಾರೆ. ಆದ್ರೆ ದರದ ಆದೇಶದಲ್ಲಿ ಅದಕ್ಕೂ ಯೂನಿಟ್ಟಿಗೆ ಇಷ್ಟು ಅಂತ ರೇಟು ಇದೆ. ಸಬ್ಸಿಡಿ ಮುಂಗಡ ಬರದಿದ್ರೆ ರೈತರಿಂದಲೇ ವಸೂಲಿ ಮಾಡಿ ಅಂತ ಅಲ್ಲೇ ಬರೆದಿದೆ. ಹಂಗಾಗಿ ಇದು ಪುಕ್ಕಟೆ ಅಲ್ಲ ಕಣ್ರಪ್ಪಾ, ನಮ್ಮ ಹೆಸರಲ್ಲಿ ಬೇರೆಯವರು ಕಟ್ಟೋ ಬಿಲ್ಲು.

2020ರ ಕೇಂದ್ರದ ತಿದ್ದುಪಡಿ ಕರಡಲ್ಲಿ ಸಬ್ಸಿಡಿ ನೇರ ಗ್ರಾಹಕರಿಗೆ ಕೊಡ್ತೀವಿ ಅನ್ನೋ ಮಾತಿತ್ತು. ಬಿಲ್ಲು ಮೊದಲು ನಮ್ಮ ತಲೆ ಮೇಲೆ, ದುಡ್ಡು ಆಮೇಲೆ ಅನ್ನೋ ಭಯ ಹುಟ್ಟಿದ್ದು ಅಲ್ಲಿಂದ. ದೆಹಲಿ ಗಡೀಲಿ ಕೂತ ರೈತರು ಕೃಷಿ ಕಾಯ್ದೆಗಳ ಜೊತೆ ಇದನ್ನೂ ಕೈಬಿಡಿ ಅಂದಿದ್ದು ಅದಕ್ಕೇ.

ಇನ್ನೊಂದು ವಿಷ್ಯ. ನಮ್ಮ ಪಂಪ್‌ಸೆಟ್‌ಗಳಿಗೆ ಹೆಚ್ಚಿನ ಕಡೆ ಮೀಟ್ರಿಲ್ಲ. ಎಷ್ಟು ಯೂನಿಟ್ ಸುಟ್ವಿ ಅನ್ನೋದು ಅಂದಾಜಿನ ಲೆಕ್ಕ. ಲೈನಲ್ಲಿ ಸೋರಿದ್ದೂ ರೈತರ ಲೆಕ್ಕಕ್ಕೆ ಸೇರಿದ್ರೆ ಕೇಳೋರ್ಯಾರು?

ಕೇಳೋಕೆ ಜಾಗ ಇದೆ. ದರ ಬದಲಾಯಿಸೋ ಮುಂಚೆ ಕಂಪನಿ ಅರ್ಜಿಯನ್ನ ಪ್ರಕಟ ಮಾಡಬೇಕು, ಜನರ ಆಕ್ಷೇಪಣೆಯನ್ನ ಆಯೋಗ ನೋಡಲೇಬೇಕು. ಕಾಯ್ದೆಯಲ್ಲೇ ಇದೆ. ಸಾರ್ವಜನಿಕ ವಿಚಾರಣೆಗೆ ಕಾರ್ಖಾನೆಯೋರು ಲೆಕ್ಕದ ಫೈಲು ಹಿಡ್ಕೊಂಡು ಬರ್ತಾರೆ. ಮುಂದಿನ ಸಲ ಪೇಪರಲ್ಲಿ ಪ್ರಕಟಣೆ ಬಂದಾಗ ನಮ್ಮ ಫೀಡರ್ ದಿನಕ್ಕೆ ಎಷ್ಟು ಗಂಟೆ ಬಂತು ಅಂತ ಒಂದು ತಿಂಗಳು ಬರೆದಿಟ್ಟು, ನಾಲ್ಕು ಜನ ಸಹಿ ಹಾಕಿ ಕಳಿಸೋಣ. ಬರೆದಿಡೋಕೆ ಯಾರು ರೆಡಿ ಇದೀರಿ, ಕೆಳಗೆ ಹೇಳಿ.