ಮಂಗನ ಕಾಯಿಲೆಯಿಂದ ಮಿದುಳಿನ ಸಂಗ್ರಹಾಲಯದವರೆಗೆ: ವೈದ್ಯಕೀಯ ಸಂಶೋಧಕರ ಲೋಕಸಂವಾದ

ವೈದ್ಯಕೀಯ ಸಂಶೋಧಕರು ಪ್ರಯೋಗಾಲಯದಿಂದ ಹೊರಬಂದು ಜನರೊಡನೆ ಮಾತನಾಡತೊಡಗಿದ್ದು ಕೋವಿಡ್ ಕಾಲದಲ್ಲಿ ಎಂಬ ಮಾತು ಈಚೆಗೆ ವಿಚಾರಸಂಕಿರಣಗಳಲ್ಲಿ ಪದೇಪದೇ ಕೇಳಿಬರುತ್ತಿದೆ. ಈ ಎಣಿಕೆಯಲ್ಲಿ ಕನ್ನಡದ ನೂರು ವರ್ಷಗಳ ದುಡಿಮೆ ಲೆಕ್ಕದಿಂದ ಬಿಟ್ಟುಹೋಗಿರುವುದಲ್ಲದೆ, ವೈದ್ಯರ ಆರೋಗ್ಯಬೋಧೆಗೂ ಸಂಶೋಧಕರ ಲೋಕಸಂವಾದಕ್ಕೂ ಇರುವ ಅಂತರವೂ ಅಳಿಸಿಹೋಗಿದೆ. ಏನು ಮಾಡಬೇಕೆಂದು ತಿಳಿಸುವುದು ಬೋಧೆ. ಆ ತಿಳಿವು ದೊರೆತದ್ದು ಹೇಗೆ, ಅದರಲ್ಲಿ ಇನ್ನೂ ಖಚಿತವಾಗದ ಭಾಗ ಯಾವುದು ಎಂಬುದನ್ನೂ ಜನರ ಮುಂದಿಡುವುದು ಸಂವಾದ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಹೊರತಂದ 'ವಿಜ್ಞಾನ' ಪತ್ರಿಕೆ, 1976ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆದ ಎಂ. ಶಿವರಾಂ ಅವರ 'ಮನಮಂಥನ', ಅನುಪಮಾ ನಿರಂಜನರ 'ತಾಯಿ ಮಗು' ಇವೆಲ್ಲ ಭಾಷೆಯನ್ನು ಹದಗೊಳಿಸಿದವು. ಆದರೂ ಅಲ್ಲಿ ಮುಖ್ಯವಾಗಿ ಕೇಳಿಸುವುದು ಪಂಡಿತರ ಮತ್ತು ವೈದ್ಯರ ದನಿ.

ಸಂಶೋಧಕರು ಜನರಿಗೆ ಎದುರಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬಿದ್ದು ಜನರಿಗೂ ಜ್ವರ ಹಬ್ಬಿದಾಗ. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಂಡ ಮೊದಲು ಹಳದಿ ಜ್ವರವೆಂದು ಶಂಕಿಸಿ, ಕೊನೆಗೆ ಉಣುಗು ಹರಡುವ ಹೊಸ ವೈರಾಣುವನ್ನು ಗುರುತಿಸಿತು. ಜನರ ಬಾಯಲ್ಲಿ ಮಾತ್ರ ಅದು 'ಮಂಗನ ಕಾಯಿಲೆ'ಯಾಗಿಯೇ ಉಳಿದು, ಮನುಷ್ಯನಂತೆ ರೋಗಕ್ಕೆ ಬಲಿಯಾಗುವ ಮಂಗವೇ ಅಪರಾಧಿಯೆನಿಸಿತು. ಮುಂದೆ ಬಂದ ಲಸಿಕೆಯ ಕಥೆಯೂ ಹೀಗೆಯೇ. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನದಲ್ಲಿ ಎರಡು ಡೋಸು ಪಡೆದವರಿಗೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕಂಡುಬಂದಿತ್ತು. ಅಂದರೆ ಎರಡು ಡೋಸಿನ ಅನಂತರವೂ ಕೆಲವರಿಗೆ ಜ್ವರ ಬರುವುದು ಆ ಲೆಕ್ಕದೊಳಗೇ ಅಡಗಿತ್ತು. ಇದನ್ನು ಮೊದಲೇ ಬಿಡಿಸಿ ಹೇಳದಿದ್ದಲ್ಲಿ, ಲಸಿಕೆಯ ಮೇಲೆ ಕವಿಯುವ ಅಪನಂಬಿಕೆಗೆ ಮಲೆನಾಡಿಗರ ಮೌಢ್ಯವನ್ನು ಹೊಣೆಮಾಡುವುದು ಸೋಮಾರಿ ವಿವರಣೆ.

ಸಂಶೋಧಕರ ಲೋಕಸಂವಾದಕ್ಕೆ ನಿಜವಾದ ಪಾಠಶಾಲೆ ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್. 1975ರಲ್ಲಿ ಆರಂಭವಾದ ಸಮುದಾಯ ಮಾನಸಿಕ ಆರೋಗ್ಯ ಘಟಕವು ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಆರೋಗ್ಯ ಕಾರ್ಯಕರ್ತರನ್ನು ತರಬೇತುಗೊಳಿಸಿತು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್ ಮೊದಲಾದವರ ಈ ದುಡಿಮೆ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿ, 1996ರಲ್ಲಿ ಮೊದಲಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇದೇ ಪರಂಪರೆಯ ಸಿ.ಆರ್. ಚಂದ್ರಶೇಖರ್ 'ಮೈಮೇಲೆ ಬರುವುದ'ನ್ನು ಸಂಶೋಧನೆಯ ವಸ್ತುವಾಗಿಸಿಕೊಂಡವರು. ಅದನ್ನೇ ಕನ್ನಡ ಓದುಗರಿಗೆ ವಿವರಿಸುವಾಗ ನಂಬುವವರನ್ನು ಹಂಗಿಸದೆ, ಮೈಮೇಲೆ ಬಂದಾಕೆ ಬೇರೆ ದಾರಿಯಿಂದ ಹೇಳಲಾಗದ ಸಂಕಟ ಯಾವುದೆಂದು ಕೇಳಿದರು. ಇದು ಅನುವಾದದಿಂದ ಬಂದ ಕನ್ನಡವಲ್ಲ, ರೋಗಿಯ ಎದುರು ಕುಳಿತು ಕಲಿತ ಕನ್ನಡ. ನರರೋಗವಿಜ್ಞಾನಿ ಎಸ್.ಕೆ. ಶಂಕರ್ ಅದೇ ಸಂಸ್ಥೆಯಲ್ಲಿ ಕಟ್ಟಿದ ಮಿದುಳಿನ ಸಂಗ್ರಹಾಲಯದಲ್ಲಿ ಸಂರಕ್ಷಿತ ಮಾನವ ಮಿದುಳನ್ನು ಸಂದರ್ಶಕರ ಅಂಗೈಗೇ ಇಡುವ ಪದ್ಧತಿ ಬಂತು. ಪುಸ್ತಕದ ಚಿತ್ರದಲ್ಲಿ ಸಿಗದ ಅದರ ತೂಕ ಕೈಗೆ ಸಿಕ್ಕೊಡನೆ ಪ್ರಶ್ನೆಗಳ ಜಾತಿಯೇ ಬದಲಾಗುತ್ತದೆ.

2020ರಲ್ಲಿ ದೇಶದ ವಿಜ್ಞಾನ ಸಂಸ್ಥೆಗಳು ಕೂಡಿ ರೂಪಿಸಿದ 'ಕೋವಿಡ್ ಜ್ಞಾನ'ದಂಥ ಯತ್ನಗಳಲ್ಲಿ ವೇಗವಿತ್ತು, ಹಲವು ಭಾಷೆಗಳ ಹರಹೂ ಇತ್ತು. ಸಕಲವಾರದಲ್ಲಿದ್ದ ವರ್ಷಾನುಗಟ್ಟಲೆಯ ಒಡನಾಟಕ್ಕೆ ಅಲ್ಲಿ ಎಡೆಯಿರಲಿಲ್ಲ.

ಇಂದು ಇಲ್ಲಿನ ಸಂಶೋಧಕನು ತಪ್ಪದೆ ಸಿದ್ಧಪಡಿಸಬೇಕಾದ ಕನ್ನಡ ಬರಹವೆಂದರೆ ಸಮ್ಮತಿಪತ್ರವೊಂದೇ, ಎಂದರೆ ಅಧ್ಯಯನದ ಉದ್ದೇಶ ಮತ್ತು ಅಪಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯುವ ಹಾಳೆ. ಅದರ ಭಾಷೆಯನ್ನು ನೈತಿಕ ಸಮಿತಿ ಪರಿಶೀಲಿಸುತ್ತದೆ, ಒಂದು ಪ್ರತಿ ಸಹಿ ಹಾಕಿದವರ ಕೈಗೂ ಸೇರುತ್ತದೆ. ಅಧ್ಯಯನ ಮುಗಿದು ಫಲಿತಾಂಶ ಇಂಗ್ಲಿಷ್ ನಿಯತಕಾಲಿಕದಲ್ಲಿ ಅಚ್ಚಾದ ಮೇಲೆ ಅವರಿಗೆ ತಲುಪಬೇಕಾದ ಎರಡನೆಯ ಹಾಳೆಗೆ ಇನ್ನೂ ಒಂದು ನಮೂನೆಯೂ ರೂಢಿಗೆ ಬಂದಿಲ್ಲ.